ವೀಳ್ಯ ಹಿಡಿಯುವಾಗಲೇ ಹೇಳಿಬಿಡಿ

ಮದುವೆ ಮನೆಗಳಲ್ಲಿ ನುಡಿಸಿ ಹಾಡಿ ಬದುಕುವ ನಿಮಗೆ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಎರಡು ತಲೆಮಾರು ಓಲಗದವರೇ. ಊದಿದ್ದು, ಡೋಲು ಬಾರಿಸಿದ್ದು ಗಂಡಸರು. ಲೆಕ್ಕದ ಪುಸ್ತಕ ಮಾತ್ರ ನನ್ನ ಕೈಯಲ್ಲಿತ್ತು. ಆ ಪುಸ್ತಕ ತಿರುವಿ ನೋಡಿದರೆ ನಮ್ಮ ದುಡ್ಡು ಸೋರಿದ್ದೆಲ್ಲ ಒಂದೇ ಮಾತಿನ ಸಂದಿಯಲ್ಲಿ: "ಅದೊಂದು ಸ್ವಲ್ಪ ನೋಡ್ಕೊಳ್ಳಿ ಸ್ವಾಮಿ."

ನೀವು ಮಾತಾಡಿದ್ದು ಧಾರೆ ಮುಹೂರ್ತಕ್ಕೆ. ಹಿಂದಿನ ಸಂಜೆ ವರಪೂಜೆಗೂ ಬಂದುಬಿಡಿ ಎನ್ನುತ್ತಾರೆ. ದಿಬ್ಬಣ ಎದುರುಗೊಳ್ಳಬೇಕು, ಪುರೋಹಿತರಿಗೆ ಒಂದು ಮೈಕು ಕೊಡಬೇಕು, ಊಟದ ಹಾಲಿಗೂ ಒಂದು ಸ್ಪೀಕರ್ ಎಳೆಯಬೇಕು, ಆರತಕ್ಷತೆಗೆ ಇನ್ನೊಂದು ಗಂಟೆ ಕೂರಬೇಕು. ನೀವು "ಆಯ್ತು ಬಿಡಿ, ನೋಡೋಣ" ಅಂತ ತಲೆಯಾಡಿಸಿ ಬರುತ್ತೀರಿ. ಆಮೇಲೆ ವೇದಿಕೆಯ ಮೇಲೆ ಮುಖ ಗಂಟು ಹಾಕಿಕೊಂಡು ನುಡಿಸುತ್ತೀರಿ. ಹೆಚ್ಚು ಕೇಳುವುದು ತಪ್ಪಲ್ಲ, ಬಾಯಿ ಬಿಡದೆ ಒಳಗೊಳಗೇ ಕುದಿಯುವುದು ತಪ್ಪು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹಿಂದೆ ಎಲೆ ಅಡಿಕೆಯ ಮೇಲೆ ಮುಂಗಡ ಇಟ್ಟು ವೀಳ್ಯ ಕೊಡುತ್ತಿದ್ದರು. ವೀಳ್ಯ ಹಿಡಿದ ಮೇಲೆ ಎರಡು ಕಡೆಯವರೂ ಮಾತು ತಿರುಗಿಸುವಂತಿರಲಿಲ್ಲ. ಈಗ ಮುಂಗಡ ಫೋನಿಗೆ ಬಂದು ಬೀಳುತ್ತದೆ, ಕಟ್ಟುಪಾಡು ಮಾತ್ರ ಅದೇ ಇರಲಿ. ಯಾವುದು ಮಾತಿನೊಳಗೆ, ಯಾವುದು ಹೊರಗೆ ಎಂದು ಮುಂಗಡ ಮುಟ್ಟುವ ಮೊದಲೇ ಬರೆದು ಕಳಿಸಿ.

ಎಷ್ಟು ಕೇಳಬೇಕು ಎನ್ನುವುದಕ್ಕೆ ಬಾಯಿಗೆ ಬಂದ ಅಂಕಿ ಬೇಡ. ಆರು ಜನರ ತಂಡ, ಮೂರು ಗಂಟೆಯ ಆರತಕ್ಷತೆಗೆ 24,000 ರೂಪಾಯಿ ಎಂದು ಇಟ್ಟುಕೊಳ್ಳಿ. ಸೌಂಡ್ ಬಾಡಿಗೆ, ವ್ಯಾನು ಸೇರಿ 6,000 ಕಳೆದರೆ ಉಳಿದದ್ದು 18,000. ಅಂದರೆ ತಲೆಗೆ ಗಂಟೆಗೆ ಒಂದು ಸಾವಿರ. ಹೆಚ್ಚಿನ ಒಂದು ಗಂಟೆಗೆ 6,000 ಕೇಳಿ, 8,000 ಕೇಳಬೇಡಿ. ವ್ಯಾನು, ಸೌಂಡು ಆಗಲೇ ಬಂದಾಗಿದೆಯಲ್ಲ. ಆದರೆ ಆ ಗಂಟೆಯಿಂದ ಡೋಲಿನವರಿಗೆ ಕೊನೇ ಬಸ್ಸು ತಪ್ಪಿದರೆ ಕಾರಿನ ಬಾಡಿಗೆ ಮದುವೆ ಮನೆಯವರದೇ. ಹೀಗೆ ಬಿಡಿಸಿ ಹೇಳಿದರೆ ಮದುವೆ ಮನೆಯವರು ಒಪ್ಪುತ್ತಾರೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ, ಹೂವಿನವರಿಂದ ಅಡುಗೆಯವರವರೆಗೆ ಎಲ್ಲರೂ ಅವರ ಕೈ ಹಿಡಿದು ಎಳೆಯುತ್ತಿರುತ್ತಾರೆ. ಲೆಕ್ಕ ಕಂಡರೆ ಅವರಿಗೂ ಸಮಾಧಾನ.

ಬೆಳಗಿನ ಜಾವದ ಮುಹೂರ್ತ ಇದ್ದರೆ ದುಡ್ಡಿಗಿಂತ ಮೊದಲು ಒಂದು ಕೋಣೆ, ಚಾಪೆ, ನಾಲ್ಕು ಗಂಟೆಗೆ ಕಾಫಿ ಕೇಳಿ. ಛತ್ರದ ಮೆಟ್ಟಿಲ ಮೇಲೆ ಮಲಗಿ ಎದ್ದವನ ಉಸಿರು ನಾದಸ್ವರಕ್ಕೆ ಸಾಲುವುದಿಲ್ಲ. ಅದೇ ದಿನ ಹತ್ತು ಗಂಟೆಗೆ ಇನ್ನೊಂದು ಮದುವೆ ಒಪ್ಪಿಕೊಂಡಿದ್ದರೆ ಹೆಚ್ಚಿನ ಹೊತ್ತನ್ನು ಯಾವ ಬೆಲೆಗೂ ಒಪ್ಪಬೇಡಿ. ಉರುಟಣೆಗೂ ಇರಿ ಎಂದು ಕೈ ಹಿಡಿದರೂ ಇಲ್ಲ ಎನ್ನಿ.

ಮದುಮಗಳು ಇಷ್ಟಪಟ್ಟ ಸಿನಿಮಾ ಹಾಡು ಎಂದು ಎಂಟು ಹಾಡಿನ ಪಟ್ಟಿ ಬರುತ್ತದೆ. ತಂಡಕ್ಕೆ ಗೊತ್ತಿಲ್ಲದ ಒಂದು ಹಾಡು ಕೂಡಿಸಲು ಎರಡು ಸಂಜೆ ಬೇಕು. ಒಂದು ಹಾಡು ನಿಮ್ಮ ಉಡುಗೊರೆಯಾಗಿರಲಿ, ಉಡುಗೊರೆ ಎಂದು ಬಾಯಿಬಿಟ್ಟು ಹೇಳಿಯೇ ಕೊಡಿ. ಉಳಿದದ್ದಕ್ಕೆ ಅಭ್ಯಾಸದ ಸಂಜೆಗಳ ಲೆಕ್ಕ ಹಾಕಿ, ಹತ್ತು ದಿನ ಮೊದಲು ಪಟ್ಟಿ ಬೇಕು ಎನ್ನಿ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ಅದೂ ಬೇಕು ಎನ್ನುವ ಮನೆಗಳಿವೆ. ಹೊರಗಿನಿಂದ ಕರೆಸಿದರೆ ಅವರ ಸಂಭಾವನೆ ಇಷ್ಟು ಎಂದು ನೇರವಾಗಿ ತೋರಿಸಿ. ನಡುವೆ ಗುಟ್ಟಾಗಿ ಉಳಿಸಿಕೊಳ್ಳುವ ಬುದ್ಧಿ ಒಳ್ಳೆಯದಲ್ಲ. ಅತಿಯಾಸೆ ಗತಿಗೇಡು.

ಮಾರಲು ನಿಮಗೆ ಹಕ್ಕಿಲ್ಲದ್ದನ್ನೂ ಮಾರಬೇಡಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ, ವಾದ್ಯ ನುಡಿಸುವಂತಿಲ್ಲ. ತೋಟದಲ್ಲಿ ಪೆಂಡಾಲ್ ಹಾಕಿದ ಮನೆಯವರು "ಹನ್ನೊಂದರವರೆಗೆ ಎಷ್ಟಾಗುತ್ತೆ?" ಎಂದರೆ ಬೆಲೆ ಹೇಳಲೇ ಬೇಡಿ. ಹಾಗೆಯೇ ಹಾಡಿನ ಹಕ್ಕಿನ ಶುಲ್ಕ ಎಂದು ಯಾರ ಮೇಲೂ ಹೇರಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆ ಮದುವೆಯ ಮೆರವಣಿಗೆ, ಅದರ ಸಮಾರಂಭಗಳಲ್ಲಿ ನುಡಿಸುವುದಕ್ಕೆ ವಿನಾಯಿತಿ ಕೊಟ್ಟಿದೆ. ಅದರ ವೀಡಿಯೊವನ್ನು ಆಮೇಲೆ ಜಾಲಕ್ಕೆ ಹಾಕುವುದು ಬೇರೆ ಮಾತು.

ಇನಾಮು ಸಂಭಾವನೆಯಲ್ಲ. ಹಾಡಿಗೆ ಮೆಚ್ಚಿ ಯಾರೋ ಐನೂರರ ನೋಟು ಕೊಟ್ಟರೆ ಶ್ರುತಿ ಪೆಟ್ಟಿಗೆ ಹಿಡಿದ ಹುಡುಗನಿಗೂ ಅದರಲ್ಲಿ ಪಾಲು ಬೇಕು. ಇದರಲ್ಲಿ ಜಿಪುಣತನ ಮಾಡಿದವರ ತಂಡ ಒಡೆದದ್ದನ್ನು ನಾನು ಕಂಡಿದ್ದೇನೆ.

ಇನ್ನು ಎಲ್ಲಕ್ಕಿಂತ ಮುಖ್ಯ. ಹೆಚ್ಚಿನದನ್ನು ಕೇಳುವ ಅಧಿಕಾರ ಯಾರಿಗೆ? ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವ ಬಂದು, "ಇನ್ನೊಂದು ಗಂಟೆ ನುಡಿಸಿ, ನಾನಿದ್ದೀನಿ" ಅಂದರು. ನಮ್ಮವರು ನುಡಿಸಿದರು. ಹಣ ಕೇಳುವಾಗ ಮಾವ ಊಟ ಮುಗಿಸಿ ಊರಿಗೆ ಹೋಗಿದ್ದರು. ಹುಡುಗಿಯ ತಂದೆ, "ನಾನು ಹೇಳಲೇ ಇಲ್ಲವಲ್ಲ" ಎಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆವತ್ತಿನ ಸಾಲಿನ ಮುಂದೆ ಪುಸ್ತಕದಲ್ಲಿ ಇಂದಿಗೂ ಸೊನ್ನೆಯಿದೆ. ಅಂದಿನಿಂದ ಮುಂಗಡದ ಚೀಟಿಯಲ್ಲೇ ಒಂದು ಹೆಸರು, ಒಂದು ಫೋನ್ ನಂಬರು ಬರೆಸಿಕೊಳ್ಳುತ್ತಿದ್ದೆ. ಬೇರೆ ಯಾರೇ ಬಂದು ಕೇಳಿದರೂ, "ಅವರಿಗೊಂದು ಮಾತು ಹೇಳಿಸಿಬಿಡಿ ಅಣ್ಣ, ಈಗಲೇ ಶುರು ಮಾಡ್ತೀವಿ" ಎಂದು ನಗುತ್ತಲೇ ಹೇಳಿ. ನಗು ಮರೆಯಬೇಡಿ, ಅವರ ಮನೆಯ ಹಬ್ಬ ಅದು.

ಬಾಕಿಯನ್ನು ಬೆಳಗಿನ ಕಾಫಿಯ ಹೊತ್ತಿಗೇ, ಧಾರೆಗೆ ಕೂರುವ ಮೊದಲೇ, ಚೀಟಿಯಲ್ಲಿ ಹೆಸರಿದ್ದವರಿಂದ ಪಡೆದುಬಿಡಿ. ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಎಂದಾಗ ನಿಮ್ಮ ಕಣ್ಣು ಅವರ ಕೈಯ ಮೇಲಿರಬೇಕು, ದುಡ್ಡು ಕೊಡುವವರನ್ನು ಹುಡುಕುತ್ತಿರಬಾರದು. ಮಗಳನ್ನು ಕಳಿಸಿಕೊಡುವ ಹೊತ್ತಿನಲ್ಲಂತೂ ಆ ತಂದೆಯ ಹತ್ತಿರ ಹೋಗಿ ನಿಲ್ಲಲೇ ಬೇಡಿ. ಕಾರಿನ ಬಾಗಿಲು ಹಾಕುವವರೆಗೂ ಮೆಲ್ಲಗೆ ನುಡಿಸುತ್ತಿರಿ. ಆ ಐದು ನಿಮಿಷಕ್ಕೆ ನಾನು ಎಂದೂ ಲೆಕ್ಕ ಬರೆದಿಲ್ಲ.