ಊರಿಗೆ ಮೊದಲು ಬೇಕಾದದ್ದು ಯಾವುದು?

ಅಕ್ಟೋಬರ್ 2ರಿಂದ ಡಿಸೆಂಬರ್ ಕೊನೆಯವರೆಗೆ ಗ್ರಾಮ ಪಂಚಾಯಿತಿಗಳು ಮುಂದಿನ ವರ್ಷದ ಅಭಿವೃದ್ಧಿ ಯೋಜನೆ ತಯಾರಿಸುತ್ತವೆ. 2018ರಿಂದ ದೇಶದಾದ್ಯಂತ ಇದು ಅಭಿಯಾನವಾಗಿ ನಡೆಯುತ್ತಿದೆ. ನಮ್ಮಲ್ಲಿ ಇದಕ್ಕೆ ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಹೆಸರಿದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ವಿಷಯದವು.

ಪ್ರಶ್ನೆ: ನಮ್ಮ ವಾರ್ಡ್ ಸಭೆಯಲ್ಲಿ ಪ್ರತಿ ವರ್ಷ ಸಿ.ಸಿ. ರಸ್ತೆ, ಚರಂಡಿ, ಹೈಮಾಸ್ಟ್ ದೀಪ ಇವನ್ನೇ ಬರೆದುಕೊಳ್ಳುತ್ತಾರೆ. ಹೆಂಗಸರು ನೀರಿನ ವಿಷಯ ಎತ್ತಿದರೆ ‘ಮನೆಮನೆಗೆ ನಲ್ಲಿ ಹಾಕಿಸಿಕೊಟ್ಟಿದೆಯಲ್ಲಮ್ಮ, ಇನ್ನೇನು’ ಅನ್ನುತ್ತಾರೆ. ನಲ್ಲಿ ಇದೆ, ನೀರು ಬರೋದು ಮೂರು ದಿನಕ್ಕೊಮ್ಮೆ. ಬಂದದ್ದೂ ಕುಡಿಯುವ ಹಾಗಿಲ್ಲ. ಊರಿಗೆ ಯಾವುದು ಮೊದಲು ಅಂತ ತೀರ್ಮಾನ ಮಾಡೋದು ಹೇಗೆ? ನಮ್ಮ ಸಂಘದವರು ಏನು ಮಾಡಬಹುದು?
— ಸ್ವಸಹಾಯ ಸಂಘದ ಸದಸ್ಯೆ, ಪಾವಗಡ ತಾಲ್ಲೂಕು

ಉತ್ತರ: ನಿಮ್ಮ ಸಭೆಯಲ್ಲಿ ಕೇಳುತ್ತಿರುವ ಪ್ರಶ್ನೆಯಲ್ಲೇ ತಪ್ಪಿದೆ. ‘ಯಾವ ಕಾಮಗಾರಿ ಬೇಕು?’ ಎಂದರೆ ಪಕ್ಕದೂರಿನಲ್ಲಿ ಕಂಡ ಕಾಮಗಾರಿಯ ಹೆಸರೇ ಬಾಯಿಗೆ ಬರುತ್ತದೆ. ‘ಬೆಳಗಾದರೆ ನಿಮಗೆ ಏನು ತೊಂದರೆ?’ ಎಂದು ಕೇಳಿದರೆ ಬರುವ ಮಾತೇ ಬೇರೆ. ನೀರು ಬಿಡುವ ಹೊತ್ತು ಗೊತ್ತಿಲ್ಲದೆ ಕೂಲಿ ತಪ್ಪುತ್ತದೆ, ಅಂಗನವಾಡಿ ಮುಂದೆ ಕೊಚ್ಚೆ ನಿಲ್ಲುತ್ತದೆ, ಅತ್ತೆಯ ಸಕ್ಕರೆ ಕಾಯಿಲೆ ಮಾತ್ರೆಗೆ ಪೇಟೆಗೇ ಹೋಗಬೇಕು ಎಂದು ಜನ ಹೇಳತೊಡಗುತ್ತಾರೆ. ಆದ್ದರಿಂದ ತೊಂದರೆಯ ಪಟ್ಟಿ ಮೊದಲು ಆಗಲಿ. ಅದಕ್ಕೆ ಯಾವ ಕಾಮಗಾರಿ, ಅಥವಾ ಕಾಮಗಾರಿಯೇ ಬೇಕೋ ಬೇಡವೋ ಎಂಬುದು ಆಮೇಲಿನ ಮಾತು. ಮೂರು ದಿನಕ್ಕೊಮ್ಮೆ ಬರುವ ನೀರಿನ ಹಿಂದೆ ಕೆಟ್ಟ ವಾಲ್ವ್ ಇರಬಹುದು, ಪದೇಪದೇ ಸುಡುವ ಮೋಟಾರ್ ಇರಬಹುದು, ಸಂಬಳ ಸರಿಯಾಗಿ ಸಿಗದ ನೀರುಗಂಟಿ ಇರಬಹುದು. ಹೊಸ ಕೊಳವೆಬಾವಿ ಬೇಕೆಂದು ಬರೆಸಿಬಿಟ್ಟರೆ ಇವು ಯಾವುವೂ ಸರಿಹೋಗುವುದಿಲ್ಲ. ಇದ್ದದ್ದನ್ನು ರಿಪೇರಿ ಮಾಡಿಸುವುದೂ ಊರಿನ ಅಗತ್ಯವೇ. ನಮ್ಮ ಯೋಜನೆಗಳಲ್ಲಿ ಅದಕ್ಕೆ ಸಿಗಬೇಕಾದ ಜಾಗ ಸಿಗುತ್ತಿಲ್ಲ ಎಂಬ ಸಂಕಟ ನನಗಿದೆ.

ಈ ಕೆಲಸಕ್ಕೆ ವಾರ್ಡ್ ಸಭೆಯವರೆಗೆ ಕಾಯಬೇಡಿ. ಸಂಘದ ವಾರದ ಸಭೆಯಲ್ಲೇ ಶುರು ಮಾಡಿ. ಬೀದಿಯಲ್ಲಿ ಅಗಲವಾದ ಜಾಗ ನೋಡಿ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯಿರಿ. ಮನೆಗಳು, ಟ್ಯಾಂಕು, ನೀರು ಹತ್ತದ ತುದಿಯ ನಲ್ಲಿಗಳು, ಒಂಟಿ ಹೆಂಗಸರ ಮನೆ, ನಡೆಯಲಾಗದವರಿರುವ ಮನೆ ಎಲ್ಲವನ್ನೂ ಗುರುತಿಸಿ. 1980ರ ದಶಕದ ಕೊನೆಯಲ್ಲಿ ಮೈರಾಡದಂಥ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಲ್ಲಿ ಇಂಥ ವಿಧಾನಗಳನ್ನು ಬಳಕೆಗೆ ತಂದವು. ಅವು ನೆಲವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನೆಲದ ಮೇಲಿನ ಗೆರೆಯನ್ನು ಯಾರು ಬೇಕಾದರೂ ಬಾಗಿ ಅಳಿಸಿ ತಿದ್ದಬಹುದು. ಕಾಗದದ ಮೇಲೆ ಬರೆದದ್ದನ್ನು ತಿದ್ದಲು ಪೆನ್ನು ಹಿಡಿದವರ ಅಪ್ಪಣೆ ಬೇಕಾಗುತ್ತದೆ.

ತೊಂದರೆಗಳೆಲ್ಲ ಹೊರಬಂದ ಮೇಲೆ ಯಾವುದು ಮೊದಲು ಎಂಬುದಕ್ಕೆ ಕೈ ಎತ್ತಿಸಬೇಡಿ. ಗಟ್ಟಿ ದನಿಯವರು ಎತ್ತಿದರೆ ಉಳಿದವರೂ ಎತ್ತುತ್ತಾರೆ. ಎರಡೆರಡನ್ನೇ ಎದುರುಬದುರು ಇಟ್ಟು ಕೇಳಿ: ‘ಈ ವರ್ಷ ಎರಡರಲ್ಲಿ ಒಂದೇ ಸರಿಹೋಗುವುದಾದರೆ ಯಾವುದು ಆಗಲಿ? ಯಾಕೆ?’ ಗೆದ್ದದ್ದರ ಮುಂದೆ ಒಂದು ಹುಣಸೆ ಬೀಜ ಇಡಿ. ಐದು ತೊಂದರೆಗಳಿದ್ದರೆ ಹತ್ತು ಜೋಡಿ, ಆರಿದ್ದರೆ ಹದಿನೈದು. ಒಂದು ಸಂಜೆಯಲ್ಲಿ ಮುಗಿಯುತ್ತದೆ. ಬೀಜಗಳ ಎಣಿಕೆಗಿಂತ ‘ಯಾಕೆ’ ಎಂಬುದಕ್ಕೆ ಬಂದ ಉತ್ತರ ಮುಖ್ಯ, ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಇದನ್ನೇ ಗಂಡಸರ ಗುಂಪಿನಲ್ಲಿ, ಕೂಲಿಯವರಲ್ಲಿ, ವಯಸ್ಸಾದವರಲ್ಲಿ ಬೇರೆಬೇರೆಯಾಗಿ ಮಾಡಿಸಿ. ಪಟ್ಟಿಗಳು ಒಂದೇ ತೆರನಾಗಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನೀರು ಹೊರುವವರ ಪಟ್ಟಿಯಲ್ಲಿ ಮೊದಲು ಬಂದದ್ದು ನೀರು ಹೊರದವರ ಪಟ್ಟಿಯಲ್ಲಿ ನಾಲ್ಕನೆಯದಾಗಿದ್ದರೆ ಆ ಎರಡನ್ನೂ ಅಕ್ಕಪಕ್ಕ ಇಟ್ಟು ಸಭೆಯಲ್ಲಿ ಓದಿ. ವಾದಕ್ಕಿಂತ ಇದು ಬೇಗ ಮನಸ್ಸಿಗೆ ತಟ್ಟುತ್ತದೆ.

ಕುಡಿಯುವ ಹಾಗಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನ ಆ ಐವರು ಯಾರೆಂದು ಕೇಳಿ, ಪರೀಕ್ಷೆ ಮಾಡಿಸಿ. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು, ಅದರಾಚೆ ಇಲ್ಲ. ‘ನೀರು ಚೆನ್ನಾಗಿಲ್ಲ’ ಎಂಬ ಮಾತನ್ನು ತಳ್ಳಿಹಾಕಬಹುದು, ಪರೀಕ್ಷೆಯ ಅಂಕಿಯನ್ನು ತಳ್ಳಿಹಾಕುವುದು ಕಷ್ಟ. ನಿಮ್ಮ ಪಟ್ಟಿಯನ್ನು ಸಂಜೀವಿನಿ ಒಕ್ಕೂಟದ ಮೂಲಕವೂ ಪಂಚಾಯಿತಿಗೆ ಕೊಡಿ. ಸಂಘಗಳು ತಯಾರಿಸಿದ ಬೇಡಿಕೆ ಪಟ್ಟಿಯನ್ನು ಪಂಚಾಯಿತಿ ಯೋಜನೆಯೊಳಗೆ ಸೇರಿಸಿಕೊಳ್ಳುವ ವ್ಯವಸ್ಥೆ ಇದೆ.

ಇನ್ನೊಂದು ಮಾತು. ಅಭಿಯಾನದ ತಿಂಗಳುಗಳೇ ಕಡಲೆಕಾಯಿ ಕೀಳುವ, ರಾಗಿ ಕೊಯ್ಯುವ ತಿಂಗಳುಗಳು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಬರುವವರು ಯಾರು? ಸಂಜೆ ಇಡಿ ಎಂದು ಈಗಲೇ ಸದಸ್ಯರಿಗೆ ಬರೆದು ಕೊಡಿ.

ಪ್ರಶ್ನೆ: ನಮ್ಮಲ್ಲಿ ಸಭೆಗೆ ಹತ್ತಿಪ್ಪತ್ತು ಜನ ಬರುತ್ತಾರೆ. ಆಮೇಲೆ ನಡಾವಳಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಇದು ಸರಿಯೇ?
— ಓದುಗರು, ಅರಸೀಕೆರೆ ತಾಲ್ಲೂಕು

ಉತ್ತರ: ಸರಿಯಲ್ಲ. ಗ್ರಾಮ ಸಭೆಗೆ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಹಾಜರಿ ಬೇಕು. ವಾರ್ಡ್ ಸಭೆಗೆ ಹತ್ತರಲ್ಲಿ ಒಂದು ಪಾಲು ಅಥವಾ ಇಪ್ಪತ್ತು ಜನ. ಬಂದವರಲ್ಲಿ ಶೇ 30ರಷ್ಟು ಮಹಿಳೆಯರಿರಬೇಕು. ಪರಿಶಿಷ್ಟರು ತಮ್ಮ ಜನಸಂಖ್ಯೆಗೆ ತಕ್ಕಷ್ಟು ಇರಬೇಕು. ಮನೆಯಲ್ಲಿ ಕುಳಿತು ಹಾಕಿದ ಸಹಿ ಹಾಜರಿಯಾಗುವುದಿಲ್ಲ. ಪುಸ್ತಕ ನಿಮ್ಮ ಮನೆಗೆ ಬಂದರೆ ಸಹಿ ಹಾಕಬೇಡಿ. ಸಭೆ ನಡೆದ ಮೇಲೆ ನಡಾವಳಿಯ ನಕಲು ಕೊಡಿ ಎಂದು ಲಿಖಿತವಾಗಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ.

ಪ್ರಶ್ನೆ: ನಮ್ಮದು ಚದುರಿದ ಮನೆಗಳ ಊರು. ಹಳ್ಳದಾಚೆ ನಾಲ್ಕು ಮನೆಗಳಿವೆ. ಮಳೆಗಾಲದಲ್ಲಿ ಅವರು ಅಡಿಕೆ ಮರ ಹಾಕಿ ಕಟ್ಟಿಕೊಂಡ ಸಂಕದ ಮೇಲೆ ಓಡಾಡಬೇಕು. ಕಾಲುಸಂಕ ಬೇಕೆಂದು ನಾನು ಪ್ರತಿ ಸಭೆಯಲ್ಲಿ ಹೇಳುತ್ತೇನೆ. ‘ನಾಲ್ಕು ಮನೆಗೆ ಅಷ್ಟು ಹಣವೇ? ಇನ್ನೂರು ಮನೆಯವರು ಓಡಾಡುವ ರಸ್ತೆ ಮೊದಲು’ ಎನ್ನುತ್ತಾರೆ. ಬಹುಮತವೇ ಅಂತಿಮವೇ?
— ನಿವೃತ್ತ ಶಿಕ್ಷಕರು, ಹೊಸನಗರ ತಾಲ್ಲೂಕು

ಉತ್ತರ: ಮೇಷ್ಟ್ರೇ, ಎಷ್ಟು ಮನೆ ಎಂಬುದು ಒಂದು ಲೆಕ್ಕ ಮಾತ್ರ. ತೊಂದರೆ ಎಷ್ಟು ದೊಡ್ಡದು, ವರ್ಷದಲ್ಲಿ ಎಷ್ಟು ದಿನ, ಕಾಯ್ದರೆ ಏನಾಗುತ್ತದೆ, ಬೇರೆ ದಾರಿ ಇದೆಯೇ ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯ. ಗುಂಡಿ ಬಿದ್ದ ರಸ್ತೆಯಲ್ಲಿ ಇನ್ನೂರು ಮನೆಯವರು ನಿಧಾನವಾಗಿ ಹೋಗುತ್ತಾರೆ. ಹಳ್ಳ ತುಂಬಿ ಹರಿಯುವಾಗ ಜಾರುವ ಸಂಕದ ಮೇಲೆ ಕಾಲಿಡುವ ಮಗುವಿನದು ಜೀವದ ಪ್ರಶ್ನೆ. ಇವೆರಡನ್ನು ತಲೆ ಎಣಿಸಿ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಜೀವಕ್ಕೆ ಅಪಾಯವಿರುವ ತೊಂದರೆಯನ್ನು ಬೇರೆ ಯಾವುದರ ಜೊತೆಗೂ ಪೈಪೋಟಿಗೆ ಇಡಬಾರದು ಎಂದು ವಾರ್ಡ್ ಸಭೆಯ ಆರಂಭದಲ್ಲೇ, ಪಟ್ಟಿ ಮಾಡುವ ಮೊದಲೇ, ಒಪ್ಪಿಗೆ ತೆಗೆದುಕೊಳ್ಳಿ. ಕಾಮಗಾರಿಯ ಹೆಸರು ಬಂದ ಮೇಲೆ ಪಕ್ಷಗಳಾಗುತ್ತವೆ. ಅದಕ್ಕೆ ಮೊದಲು ಈ ಮಾತಿಗೆ ಬೇಡ ಎನ್ನುವವರು ನಿಮ್ಮ ಊರಿನಲ್ಲಿ ಇರಲಾರರು.

ನಿಮಗೆ ಇನ್ನೊಂದು ದಾರಿಯೂ ಇದೆ. ಘಟ್ಟದ ಕೆಳಗೆ ಕುಂದಾಪುರ ಭಾಗದಲ್ಲಿ ದುಡಿಯುವ ಮಕ್ಕಳ ಭೀಮ ಸಂಘ ಮತ್ತು ಅದರ ಬೆನ್ನಿಗಿದ್ದ ಸಂಸ್ಥೆ 1990ರ ದಶಕದಲ್ಲಿ ಮಕ್ಕಳ ಪಂಚಾಯಿತಿ ನಡೆಸಿದವು. ಮಕ್ಕಳು ತಾವೇ ಅಳೆದು, ಎಣಿಸಿ, ವಿವರ ಕಲೆಹಾಕಿ ದೊಡ್ಡವರ ಪಂಚಾಯಿತಿಯ ಮುಂದಿಟ್ಟರು. ಹಾಗೆ ಮುಂದಿಟ್ಟ ಬೇಡಿಕೆಗಳಲ್ಲಿ ಕಾಲುಸಂಕವೂ ಇತ್ತು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಪಂಚಾಯಿತಿಗಳೂ ಮಕ್ಕಳ ಗ್ರಾಮ ಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ಹಳ್ಳದಾಚೆಯ ಮಕ್ಕಳಿಂದಲೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆ ತಪ್ಪಿದ ದಿನಗಳನ್ನು ಬರೆಸಿ. ಶಾಲೆಯ ಹಾಜರಿ ಪುಸ್ತಕ ಅದಕ್ಕೆ ಸಾಕ್ಷಿಯಾಗಲಿ. ಅದನ್ನು ಮಕ್ಕಳ ಗ್ರಾಮ ಸಭೆಯಲ್ಲಿ ಅವರೇ ಓದಲಿ, ನೀವು ಓದಬೇಡಿ.

ಪ್ರಶ್ನೆ: ಗ್ರಾಮ ಸಭೆ ದೇವಸ್ಥಾನದ ಪ್ರಾಂಗಣದಲ್ಲಿ ನಡೆಯುತ್ತದೆ. ನಮ್ಮ ಕೇರಿಯವರು ಆಚೆ ಬೇವಿನ ಮರದ ಕೆಳಗೆ ನಿಂತಿರುತ್ತೇವೆ. ಸಹಿ ಹಾಕುವಾಗ ಮಾತ್ರ ಪುಸ್ತಕ ನಮ್ಮ ಹತ್ತಿರ ಬರುತ್ತದೆ. ನಮ್ಮ ಬೇಡಿಕೆ ಪಟ್ಟಿಗೆ ಹೇಗೆ ಸೇರುತ್ತದೆ?
— ಪದವಿ ವಿದ್ಯಾರ್ಥಿ, ಚಳ್ಳಕೆರೆ ತಾಲ್ಲೂಕು

ಉತ್ತರ: ನಿಮ್ಮ ಪತ್ರ ಓದಿ ಬಹಳ ನೋವಾಯಿತು. ಎಲ್ಲರೂ ಸಮನಾಗಿ ಕೂರಲಾಗದ ಜಾಗದಲ್ಲಿ ನಡೆದದ್ದನ್ನು ಗ್ರಾಮ ಸಭೆ ಎಂದು ನಾನು ಒಪ್ಪುವುದಿಲ್ಲ. ಸಭೆಯನ್ನು ಶಾಲೆಯ ಅಂಗಳದಲ್ಲೋ ಪಂಚಾಯಿತಿ ಕಚೇರಿ ಮುಂದೆಯೋ ಇಡಬೇಕೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿಯನ್ನು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿಗೂ ಕಳಿಸಿ. ಜಾತಿಯ ಕಾರಣಕ್ಕೆ ನಿಮ್ಮನ್ನು ಸಭೆಯಲ್ಲಿ ಕೂರದಂತೆ ತಡೆದರೆ ಅದು ಕಾನೂನಿನ ಕಣ್ಣಿನಲ್ಲಿ ಅಪರಾಧವೇ ಆಗುತ್ತದೆ. ಸಮಾಜ ಕಲ್ಯಾಣ ಇಲಾಖೆಗೆ, ಅಗತ್ಯ ಬಿದ್ದರೆ ಪೊಲೀಸರಿಗೆ ದೂರು ಕೊಡಲು ಹಿಂಜರಿಯಬೇಡಿ. ಒಬ್ಬರೇ ಹೋಗಬೇಡಿ, ಕೇರಿಯ ಹಿರಿಯರ ಜೊತೆ ಹೋಗಿ.

ಜೊತೆಗೆ, 2015ರ ತಿದ್ದುಪಡಿಯ ನಂತರ ನಮ್ಮ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯಲ್ಲಿ ವಾರ್ಡ್ ಸಭೆಗೂ ಕೆಳಗೆ ಜನವಸತಿ ಸಭೆ ಎಂಬುದಿದೆ. ಅಂದರೆ ನಿಮ್ಮ ಕೇರಿಯಲ್ಲೇ, ನಿಮ್ಮ ಮನೆಗಳ ನಡುವೆಯೇ ಸಭೆ ಕರೆಯಿಸಬಹುದು. ನಿಮ್ಮ ವಾರ್ಡಿನ ಸದಸ್ಯರು ಅಲ್ಲಿಗೆ ಬಂದು ಕೂರಲಿ. ಅಲ್ಲಿ ಬರೆದ ಪಟ್ಟಿ ವಾರ್ಡ್ ಸಭೆಗೆ, ಅಲ್ಲಿಂದ ಗ್ರಾಮ ಸಭೆಗೆ ಹೋಗಬೇಕು. ಪರಿಶಿಷ್ಟರಿಗೆ ಮೀಸಲಾದ ಹಣ ಹಿಂದಿನ ವರ್ಷ ಎಲ್ಲಿ, ಯಾವುದಕ್ಕೆ ಖರ್ಚಾಯಿತು ಎಂಬ ಲೆಕ್ಕವನ್ನೂ ಅದೇ ಸಭೆಯಲ್ಲಿ ಕೇಳಿ. ನೀವು ಓದಿದವರು, ಆ ಲೆಕ್ಕವನ್ನು ಎಲ್ಲರಿಗೂ ಅರ್ಥವಾಗುವ ಹಾಗೆ ಗಟ್ಟಿಯಾಗಿ ಓದಿ ಹೇಳಿ.

ಪ್ರಶ್ನೆ: ನಾನು ಮೊದಲ ಸಲ ಆರಿಸಿ ಬಂದ ಸದಸ್ಯೆ. ಮಂದಿ ಬಸ್ ಕೇಳುತ್ತಾರೆ, ಡಾಕ್ಟರ್ ಕೇಳುತ್ತಾರೆ, ಕೆರೆ ಹೂಳು ಎತ್ತಿಸಿ ಅನ್ನುತ್ತಾರೆ. ಪಂಚಾಯಿತಿ ಕೈಯಲ್ಲಿ ಇರುವುದು ಅಷ್ಟಕ್ಕಷ್ಟೇ. ಏನು ಹೇಳಲಿ?
— ಗ್ರಾಮ ಪಂಚಾಯಿತಿ ಸದಸ್ಯೆ, ಕುಷ್ಟಗಿ ತಾಲ್ಲೂಕು

ಉತ್ತರ: ನಿಜ ಹೇಳಿ. ಹಣದ ಲೆಕ್ಕವನ್ನು ಮೊದಲೇ ಗೋಡೆಗೆ ಅಂಟಿಸಿ ಆಮೇಲೆ ಬೇಡಿಕೆ ಕೇಳಿ. 15ನೇ ಹಣಕಾಸು ಆಯೋಗ 2021–26ಕ್ಕೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ ಹಣ. ಊರು ತನ್ನ ಇಷ್ಟದಂತೆ ಬಳಸಬಹುದಾದದ್ದು ಶೇ 40 ಮಾತ್ರ, ಅದೂ ಸಂಬಳಕ್ಕಲ್ಲ. ಇಂಥ ಷರತ್ತು ಜನರಿಗೆ ತಿಳಿಯದಿದ್ದರೆ, ಸದಸ್ಯರು ಬೇಕೆಂದೇ ತಮ್ಮ ಮಾತು ಬಿಟ್ಟರು ಎಂದುಕೊಳ್ಳುತ್ತಾರೆ. ಕೇರಳ 1996ರಲ್ಲಿ ಜನಯೋಜನೆ ಶುರು ಮಾಡಿದಾಗ ರಾಜ್ಯದ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಜನ ಆರಿಸಿದ್ದಕ್ಕೆ ಅಲ್ಲಿ ತೂಕ ಬಂದದ್ದು ಅದರಿಂದ. ನಮ್ಮ ಪಂಚಾಯಿತಿಗಳಿಗೂ ಅಂಥ ಬಲ ಬೇಕೆಂದು ನೀವು ಸದಸ್ಯರೆಲ್ಲ ಸೇರಿ ಕೇಳಬೇಕು.

ಬೇಡಿಕೆಗಳನ್ನು ಬರೆದುಕೊಳ್ಳುವಾಗಲೇ ಯಾರು ಮಾಡಬೇಕಾದದ್ದು ಎಂದು ಬೇರ್ಪಡಿಸಿ. ಕೆಲವನ್ನು ಊರವರೇ ಮಾಡಿಕೊಳ್ಳಬಹುದು, ಕೆಲವು ಪಂಚಾಯಿತಿಯವು, ಬಸ್ಸು ಮತ್ತು ಡಾಕ್ಟರಂಥವು ಮೇಲಿನವರದು. ಮೇಲಿನವರದೆಂದು ಪಟ್ಟಿಯಿಂದ ತೆಗೆಯಬೇಡಿ. ಠರಾವು ಮಾಡಿ ಆಯಾ ಇಲಾಖೆಗೆ ಕಳಿಸಿ, ಕಳಿಸಿದ ತಾರೀಖು, ಬಂದ ಉತ್ತರ ಎರಡನ್ನೂ ಮುಂದಿನ ಸಭೆಯಲ್ಲಿ ಮೊದಲು ಓದಿ. ಉತ್ತರ ಬರದಿದ್ದರೆ ಬಂದಿಲ್ಲ ಎಂದೇ ಓದಿ. ಈ ವರ್ಷ ಆಗದ ಕೆಲಸದ ಮುಂದೆ ಯಾಕೆ ಆಗಲಿಲ್ಲವೆಂದು ಬರೆಸಿ, ಮುಂದಿನ ಸಲ ಅಲ್ಲಿಂದಲೇ ಶುರುವಾಗಲಿ. ಇನ್ನು ನಿಮ್ಮ ಕಡೆಯಿಂದ ದುಡಿಯಲು ಬೆಂಗಳೂರು, ಮಂಗಳೂರು, ಗೋವಾ ಕಡೆ ಹೋಗುವ ಕುಟುಂಬಗಳು ಬಹಳ. ಅವರು ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬಂದ ವಾರದಲ್ಲಿ ಒಮ್ಮೆ ಕುಳಿತು ಮಾತಾಡಿ. ಯೋಜನೆಯಲ್ಲಿ ತೀರ ಬಡವರ ಮಾತು ಸೇರಬೇಕಾದರೆ ಬೇರೆ ದಾರಿ ನನಗೆ ಕಾಣುವುದಿಲ್ಲ.

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಂದೇ ಊರಿನ ಗೆಳೆಯರು. ಹಣ ಕೂಡಿಸಿ ಊರಿಗೆ ಸ್ವಾಗತ ಕಮಾನು ಕಟ್ಟಿಸಬೇಕೆಂದಿದ್ದೇವೆ. ನಿಮ್ಮ ಸಲಹೆ?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪ್ರೀತಿ ದೊಡ್ಡದು. ಕಮಾನಿನ ನಕ್ಷೆ ಮಾಡಿಸುವ ಮೊದಲು ಊರಿನ ವಾರ್ಡ್ ಸಭೆಗೆ ಹೋಗಿ, ಕೊನೆಯವರೆಗೆ ಕುಳಿತು ಕೇಳಿ. ಜನ ಮೊದಲೆಂದು ಆರಿಸಿದ, ಆದರೆ ಸರ್ಕಾರದ ಹಣದ ಷರತ್ತಿನೊಳಗೆ ಬಾರದ ಕೆಲಸ ಯಾವುದೆಂದು ಪಿಡಿಒ ಅವರನ್ನು ಕೇಳಿ. ನಿಮ್ಮ ಹಣ ಅದಕ್ಕೆ ಹೋಗಲಿ. ಮುಂದೆ ಅದರ ನಿರ್ವಹಣೆ ಯಾರದು ಎಂಬುದನ್ನು ಹಣ ಕೊಡುವ ಮೊದಲೇ ನಡಾವಳಿಯಲ್ಲಿ ಬರೆಸಿಕೊಳ್ಳಿ.