ರಳಾಕ್ಷರದ ಹೆಸರು: ಮಾನಕ ಸಭೆಗಳಲ್ಲಿ ಸಮಕ್ಷ ಮತ್ತು ಪರೋಕ್ಷ

ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದ ಹದಿಮೂರನೆಯ ಶತಮಾನದ ವೇಳೆಗೆ ‘ೞ’ ಅಕ್ಷರವು ಜನರ ಉಚ್ಚಾರಣೆಯಿಂದ ಬಹುಮಟ್ಟಿಗೆ ಮರೆಯಾಗಿತ್ತು. ಆದುದರಿಂದಲೇ ಅವನು ರಳ, ಕುಳ, ಕ್ಷಳಗಳ ಭೇದವನ್ನು ನಿರೂಪಿಸಿ, ರಳವುಳ್ಳ ಶಬ್ದಗಳನ್ನು ಎಣಿಸಿ ಹೇಳಬೇಕಾಯಿತು. ಚೆನ್ನೈಯಲ್ಲಿ ಹಳಗನ್ನಡ ಓದುವ ವಿದ್ಯಾರ್ಥಿಗೆ ಮಾತ್ರ ಈ ಧ್ವನಿ ಅಪರಿಚಿತವಲ್ಲ. ನಮ್ಮ ಬಾಳೆ ಇಲ್ಲಿನ ಅಂಗಡಿಯಲ್ಲಿ ಇಂದಿಗೂ ‘ವಾೞೈ’. ನಮ್ಮ ಏಳು ‘ಏೞು’.

ಇಂತಹ ಅಕ್ಷರಕ್ಕೆ ಗಣಕಯಂತ್ರಗಳ ಜಾಗತಿಕ ಮಾನಕವಾದ ಯೂನಿಕೋಡ್‌ನಲ್ಲಿ ದೊರೆತ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’. ಅಂದರೆ ಫ್ಯಾನು, ಫೋನುಗಳ ‘ಫ’! ಅದೇ ಮಾನಕದಲ್ಲಿ ತಮಿಳು, ಮಲಯಾಳಗಳ ಇದೇ ಅಕ್ಷರಕ್ಕೆ ‘ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಹೆಸರಿದೆ. 1996ರ ಎರಡನೆಯ ಆವೃತ್ತಿಯಿಂದ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ ತಪ್ಪು ಹಾಗೆಯೇ ಉಳಿದಿದೆ. ಹೆಸರು ತಪ್ಪೆಂಬ ಟಿಪ್ಪಣಿಯನ್ನೂ ತಿದ್ದುಪಡಿಯ ಪರ್ಯಾಯನಾಮವನ್ನೂ ಸೇರಿಸಿದ್ದಾರೆ, ಅಷ್ಟೆ.

ಸಭೆಯಲ್ಲಿ ಕನ್ನಡದವರೊಬ್ಬರು ಕುಳಿತಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವುದು ಸಹಜ. ಆದರೆ ವಿಷಯ ಅಷ್ಟು ಸರಳವಲ್ಲ. ಯೂನಿಕೋಡ್ ತಾಂತ್ರಿಕ ಸಮಿತಿಯಲ್ಲಿ ಮತದಾನದ ಹಕ್ಕು ಶುಲ್ಕ ತೆತ್ತ ಸದಸ್ಯಸಂಸ್ಥೆಗಳದು. ಲಿಖಿತ ಪ್ರಸ್ತಾವವನ್ನಾದರೋ ಯಾರೂ ಎಲ್ಲಿಂದಲೂ ಕಳುಹಿಸಬಹುದು. ಲಿಪಿಯ ವಿಚಾರದಲ್ಲಿ ಆಡಿದ ಮಾತಿಗಿಂತ ಶಾಸನದ ಪಡಿಯಚ್ಚು, ಮುದ್ರಿತ ಗ್ರಂಥದ ಪುಟ ಇವೇ ಬಲವಾದ ಸಾಕ್ಷಿ. 2021ರಲ್ಲಿ ‘ನಕಾರಪೊಲ್ಲು’, 2022ರಲ್ಲಿ ಕೊಂಕಣಿ ಹಾಗೂ ಹವ್ಯಕ ಕನ್ನಡದ ಬರಹಕ್ಕೆ ಬೇಕಾದ ಅನುಸ್ವಾರ ಚಿಹ್ನೆ ನಮ್ಮ ಲಿಪಿಯ ಪಟ್ಟಿಗೆ ಸೇರಿದುದು ಇಂತಹ ಲಿಖಿತ ಪ್ರಸ್ತಾವಗಳ ದಾರಿಯಿಂದಲೇ.

ಆದರೆ ಪ್ರಸ್ತಾವ ಬರೆಯುವವನು ತಾನು ಕಂಡುಕೊಂಡ ಕೊರತೆಯನ್ನು ಮಾತ್ರ ಬರೆಯುತ್ತಾನೆ. ಸಭೆಯಲ್ಲಿ ಕುಳಿತವನ ಕಿವಿಗೆ ಇತರರು ತಂದ ವಿಷಯಗಳೂ ಬೀಳುತ್ತವೆ. ತನ್ನದಲ್ಲದ ಪಟ್ಟಿಯ ಮೇಲೂ ಕಣ್ಣು ಹಾಯುತ್ತದೆ. ಸಮಕ್ಷದ ನಿಜವಾದ ಲಾಭ ಇದು. ‘ೞ’ಕಾರದ ಹೆಸರು ಯಾರೂ ಕೇಳದ ಪ್ರಶ್ನೆಯಾಗಿ ದಾಟಿಹೋದಂಥದು.

ತಮಿಳರ ಎರಡು ಪ್ರಸಂಗಗಳು ಇಲ್ಲಿ ಪರಿಶೀಲನಾರ್ಹ. 1999ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ನಡೆದ ‘ತಮಿಳ್‌ನೆಟ್ 99’ ಸಮ್ಮೇಳನಕ್ಕೆ ಸಿಂಗಪುರ, ಮಲೇಷಿಯ, ಶ್ರೀಲಂಕೆಗಳಿಂದಲೂ ಜನ ಬಂದು ಸೇರಿದರು. ಬೇರೆ ಬೇರೆ ಕೀಲಿಮಣೆಗಳಿಗೆ ಒಗ್ಗಿದವರು ಎದುರುಬದುರು ಕುಳಿತು ಚರ್ಚಿಸಿದ ಫಲವಾಗಿ ಅದೇ ವರ್ಷ ತಮಿಳುನಾಡು ಸರ್ಕಾರ ಒಂದೇ ಕೀಲಿಮಣೆಯನ್ನು ಅಂಗೀಕರಿಸಿತು. ಇಂತಹ ರಾಜಿ ಪತ್ರಮುಖೇನ ಇಷ್ಟು ಬೇಗ ಆಗುತ್ತಿತ್ತೆಂದು ನನಗೆ ತೋರುವುದಿಲ್ಲ. ಎರಡನೆಯದು 2010ರದು. ಗ್ರಂಥಲಿಪಿಯ ಸಂಕೇತಪಟ್ಟಿಯಲ್ಲಿ ತಮಿಳಿನ ‘ೞ’, ‘ಱ’ ಮೊದಲಾದುವನ್ನೂ ಸೇರಿಸುವ ಪ್ರಸ್ತಾವ ಬಂದಾಗ ಇಲ್ಲಿ ತೀವ್ರ ವಿರೋಧ ಹುಟ್ಟಿತು. ಮುಖ್ಯಮಂತ್ರಿ ಕರುಣಾನಿಧಿಯವರು ಕೇಂದ್ರಕ್ಕೆ ಪತ್ರ ಬರೆದರು. 2014ರಲ್ಲಿ ಗ್ರಂಥಲಿಪಿ ಯೂನಿಕೋಡ್‌ಗೆ ಸೇರಿದಾಗ ಆ ಅಕ್ಷರಗಳು ಅದರಲ್ಲಿರಲಿಲ್ಲ. ವಿರೋಧ ಸರಿಯೋ ತಪ್ಪೋ ಬೇರೆ ಮಾತು. ಕರಡು ಅಂತಿಮವಾಗುವ ಮುನ್ನ ಅದನ್ನು ಓದಿದವರು ಇದ್ದರು. ಪರೋಕ್ಷದಿಂದಲೇ ಕೆಲಸ ನಡೆಯಿತು.

2020ರಲ್ಲಿ ಸಾಂಕ್ರಾಮಿಕದ ಕಾರಣ ಸಮಿತಿಯ ಸಭೆಗಳು ವೀಡಿಯೋಗೆ ಬದಲಾದಾಗ ದೂರ ಅಳಿಯಿತೆಂದು ಹಲವರು ಭಾವಿಸಿದರು. ಕ್ಯಾಲಿಫೋರ್ನಿಯದ ಬೆಳಗಿನ ಒಂಬತ್ತು ಗಂಟೆಯೆಂದರೆ ನಮಗೆ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಆ ಹೊತ್ತಿನ ದಣಿವಿನಲ್ಲಿ ತೆರೆಯ ಮೇಲಿನ ಚರ್ಚೆಗೆ ನಡುವೆ ಬಾಯಿ ಹಾಕುವುದು ಸುಲಭವಲ್ಲ. ಸಭೆಗೆ ಮೊದಲೇ ಪ್ರಕಟವಾಗುವ ಕಾಗದಪತ್ರಗಳನ್ನು ಹಗಲಿನಲ್ಲಿ ಓದಿ ಆಕ್ಷೇಪವನ್ನು ಬರೆದು ಕಳುಹಿಸುವುದು ನಮಗೆ ಹೆಚ್ಚು ಸಾಧ್ಯವಾದ ಮಾರ್ಗ. ಅದಕ್ಕೆ ಬೇಕಾದುದು ತಂತ್ರಜ್ಞರಿಗಿಂತ ಮೊದಲು, ‘ಫ’ವನ್ನೂ ರಳವನ್ನೂ ನೋಡಿದೊಡನೆ ಬೇರ್ಪಡಿಸಬಲ್ಲ ಹಳಗನ್ನಡದ ಓದುಗರು.