ಅನಲಾಗ್ ಕೀಲಿಗಳೂ ಕನ್ನಡದ ಕೀಲಿಮಣೆಯೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ, ಸವಣೂರು)

ಗಣಕಯಂತ್ರದ ಮುಂದೆ ಕುಳಿತವರ ಕಣ್ಣು ಸಾಧಾರಣವಾಗಿ ತೆರೆಯ ಮೇಲಿರುತ್ತದೆ. ಕೈಯ ಕೆಳಗಿರುವ ಕೀಲಿಮಣೆಯ ಯೋಚನೆ ಬರುವುದು ಅದರಲ್ಲೊಂದು ಕೀಲಿ ಕೆಟ್ಟಾಗ ಮಾತ್ರ. ಪುತ್ತೂರು, ಸುಳ್ಯ, ಕಡಬದ ಮಳೆಗಾಲದಲ್ಲಿ ಈ ಯೋಚನೆ ಆಗಾಗ ಬರುವುದುಂಟು. ನಾನು ಕನ್ನಡ ಟೈಪು ಮಾಡಲು ಕಲಿತ ಕೊಠಡಿಯಲ್ಲಿ ‘ಎಫ್’ ಕೀಲಿ ಕೆಟ್ಟ ಮಣೆಯೊಂದಿತ್ತು. ಇಂಗ್ಲಿಷಿಗೆ ಅದು ಒಂದಕ್ಷರದ ನಷ್ಟ. ಕನ್ನಡಕ್ಕೆ ಹಾಗಲ್ಲ. ನಮ್ಮಲ್ಲಿ ರೂಢಿಯಲ್ಲಿರುವ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸುವ ಕೀಲಿ ಅದೇ. ಅದಿಲ್ಲದಿದ್ದರೆ ‘ಅಮ್ಮ’ ಎಂದು ಬರೆಯುವಂತಿಲ್ಲ. ‘ಪುತ್ತೂರು’ ಎಂದೂ ಬರೆಯುವಂತಿಲ್ಲ. ಒಂದು ಕೀಲಿಯ ಸಲುವಾಗಿ ಇಡೀ ಮಣೆ ಮೂಲೆ ಸೇರಿತು.

ಹೀಗಾಗುವುದೇಕೆ, ಇದಕ್ಕೆ ಪರಿಹಾರವುಂಟೆ ಎಂದು ವಿಚಾರಿಸುತ್ತ ಹೋದಾಗ ಅನಲಾಗ್ ಕೀಲಿಯೆಂಬ ಹೊಸ ಬಗೆಯ ಸ್ವಿಚ್ಚಿನ ಪರಿಚಯ ನನಗಾಯಿತು. ಅದರ ರಚನೆಯನ್ನೂ ಕನ್ನಡಿಗರಿಗೆ ಅದರಿಂದಾಗಬಹುದಾದ ಪ್ರಯೋಜನವನ್ನೂ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ತೀರ ಸರಳವೆನಿಸೀತು; ನಾನು ಬರೆಯುತ್ತಿರುವುದು ನನ್ನಂಥ ಕಲಾ ವಿದ್ಯಾರ್ಥಿಗಳಿಗಾಗಿ.

ಸಾಮಾನ್ಯ ಕೀಲಿಯ ರಚನೆ

ಹಳೆಯ ಬೆರಳಚ್ಚು ಯಂತ್ರದಲ್ಲಿ ಕೀಲಿಗೂ ಅಚ್ಚಿನ ಮೊಳೆಗೂ ನೇರವಾದ ಸಂಬಂಧವಿತ್ತು. ಬಲವಾಗಿ ಹೊಡೆದರೆ ಅಕ್ಷರ ಕಪ್ಪಾಗಿಯೂ, ಮೆಲ್ಲನೆ ಹೊಡೆದರೆ ಮಸುಕಾಗಿಯೂ ಮೂಡುತ್ತಿತ್ತು. ಗಣಕದ ಕೀಲಿಯಾದರೋ ನಮ್ಮ ಮನೆಯ ದೀಪದ ಸ್ವಿಚ್ಚಿನಂತೆ. ‘ಒತ್ತಿದೆ’, ‘ಒತ್ತಿಲ್ಲ’ ಎಂಬ ಎರಡೇ ಮಾತು ಅದಕ್ಕೆ ಗೊತ್ತು.

ಅಗ್ಗದ ಮಣೆಗಳಲ್ಲಿ ಕೀಲಿಗಳ ಕೆಳಗೆ ರಬ್ಬರಿನ ಪುಟ್ಟ ಗುಮ್ಮಟಗಳೂ, ಅವುಗಳ ಕೆಳಗೆ ಮೂರು ಪದರದ ಪ್ಲಾಸ್ಟಿಕ್ ಹಾಳೆಯೂ ಇರುತ್ತವೆ. ಮೇಲಿನ ಮತ್ತು ಕೆಳಗಿನ ಪದರಗಳಲ್ಲಿ ವಿದ್ಯುತ್ತು ಹರಿಯುವ ಗೆರೆಗಳನ್ನು ಮುದ್ರಿಸಿರುತ್ತಾರೆ. ನಡುವಿನ ಪದರದಲ್ಲಿ ತೂತುಗಳಿರುತ್ತವೆ. ಕೀಲಿಯನ್ನು ಒತ್ತಿದಾಗ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನದನ್ನು ಮುಟ್ಟುತ್ತದೆ. ತೇವ ಒಳಸೇರಿ ಗೆರೆ ಸವೆದರೆ ಆ ಕೀಲಿಯ ಕಥೆ ಮುಗಿಯಿತು. ಹಾಳೆ ಒಂದೇ ಆದುದರಿಂದ ಒಂದು ಕೀಲಿಯನ್ನು ಮಾತ್ರ ಬದಲಿಸುವ ಉಪಾಯವಿಲ್ಲ.

ಇದಕ್ಕಿಂತ ಉತ್ತಮ ದರ್ಜೆಯ ಮಣೆಗಳಲ್ಲಿ ಪ್ರತಿಯೊಂದು ಕೀಲಿಗೂ ಪ್ರತ್ಯೇಕ ಸ್ವಿಚ್ಚಿರುತ್ತದೆ. ಜರ್ಮನಿಯ ಚೆರಿ ಸಂಸ್ಥೆ 1980ರ ದಶಕದಲ್ಲಿ ಹೊರತಂದ ಎಂ.ಎಕ್ಸ್. ಸ್ವಿಚ್ಚು ಇವುಗಳಲ್ಲಿ ಪ್ರಸಿದ್ಧವಾದುದು. ಒಳಗೆ ಒಂದು ಸ್ಪ್ರಿಂಗು, ಎರಡು ಲೋಹದ ಎಲೆಗಳು. ಕೀಲಿ ಒಟ್ಟು ಸುಮಾರು 4 ಮಿ.ಮೀ. ಇಳಿಯುತ್ತದೆ, ಸುಮಾರು 2 ಮಿ.ಮೀ. ಇಳಿದಾಗ ಎಲೆಗಳು ಕೂಡಿ ಅಕ್ಷರ ಮೂಡುತ್ತದೆ. ಅದಕ್ಕಿಂತ ಆಳಕ್ಕೆ ಒತ್ತಿದರೂ ಯಂತ್ರಕ್ಕೆ ಅದು ತಿಳಿಯದು.

ಅನಲಾಗ್ ಕೀಲಿ

ದೀಪದ ಸ್ವಿಚ್ಚಿಗೂ ನೀರಿನ ನಲ್ಲಿಗೂ ಇರುವ ವ್ಯತ್ಯಾಸವನ್ನು ನೆನೆದರೆ ಅನಲಾಗ್ ಕೀಲಿ ಅರ್ಥವಾಗುತ್ತದೆ. ನಲ್ಲಿಯನ್ನು ತಿರುಗಿಸಿದಷ್ಟು ನೀರು. ಹಾಗೆಯೇ ಈ ಕೀಲಿ ತಾನು ಎಷ್ಟು ಇಳಿದಿದ್ದೇನೆಂಬುದನ್ನು ಕ್ಷಣಕ್ಷಣಕ್ಕೂ ತಿಳಿಸುತ್ತಿರುತ್ತದೆ.

ಇದರ ಮೂಲತತ್ತ್ವ ಬಹಳ ಹಳೆಯದು. ಅಮೆರಿಕದ ಎಡ್ವಿನ್ ಹಾಲ್ ಎಂಬಾತ ಇನ್ನೂ ವಿದ್ಯಾರ್ಥಿಯಾಗಿದ್ದಾಗ 1879ರಲ್ಲಿ ಇದನ್ನು ಕಂಡುಹಿಡಿದ. ವಿದ್ಯುತ್ತು ಹರಿಯುತ್ತಿರುವ ತೆಳು ತಗಡಿಗೆ ಅಯಸ್ಕಾಂತವನ್ನು ಲಂಬವಾಗಿ ಹಿಡಿದರೆ ತಗಡಿನ ಎರಡು ಅಂಚುಗಳ ನಡುವೆ ಸಣ್ಣದೊಂದು ವೋಲ್ಟೇಜು ಹುಟ್ಟುತ್ತದೆ. ಅಯಸ್ಕಾಂತದ ಪ್ರಭಾವ ಹೆಚ್ಚಿದಂತೆ ವೋಲ್ಟೇಜೂ ಹೆಚ್ಚುತ್ತದೆ. ಇದಕ್ಕೆ ‘ಹಾಲ್ ಪರಿಣಾಮ’ ಎಂದು ಹೆಸರು. ಕೀಲಿಯ ಕಾಂಡದಲ್ಲಿ ಪುಟ್ಟ ಅಯಸ್ಕಾಂತವನ್ನೂ, ಅದರ ಕೆಳಗೆ ಮಣೆಯ ಮೇಲೆ ಒಂದು ಸಂವೇದಕವನ್ನೂ ಇಟ್ಟರಾಯಿತು. ವೋಲ್ಟೇಜನ್ನು ಅಳೆದು ಕೀಲಿಯ ಆಳವನ್ನು ತಿಳಿಯಬಹುದು. ಲೋಹಕ್ಕೆ ಲೋಹ ತಾಗಬೇಕಾಗಿಲ್ಲ. ತಾಗುವ ಭಾಗವೇ ಇಲ್ಲದಿರುವಾಗ ಕಿಲುಬು ಹಿಡಿದು ಸಂಪರ್ಕ ತಪ್ಪುವ ಭಯವೂ ಇಲ್ಲ.

ಅಮೆರಿಕದ ಹನಿವೆಲ್ ಸಂಸ್ಥೆ 1960ರ ದಶಕದ ಕೊನೆಯಲ್ಲೇ ಈ ತತ್ತ್ವದಿಂದ ಕೀಲಿಗಳನ್ನು ತಯಾರಿಸಿತ್ತು. ಆದರೆ ಅವುಗಳ ಉತ್ತರವೂ ‘ಹೌದು’, ‘ಇಲ್ಲ’ ಎಂಬಷ್ಟೇ ಆಗಿತ್ತು. ಆಳವನ್ನು ಅಳೆಯುವ ಮಣೆಗೆ ಇತ್ತೀಚೆಗೆ ಪ್ರಚಾರ ತಂದವರಲ್ಲಿ ನೆದರ್ಲೆಂಡ್ಸಿನ ವೂಟಿಂಗ್ ಸಂಸ್ಥೆ ಮುಖ್ಯವಾದುದು. 2016ರಲ್ಲಿ ಅದು ಜನರಿಂದ ಮುಂಗಡ ಹಣ ಕೂಡಿಸಿ ಕೆಲಸಕ್ಕೆ ತೊಡಗಿತು. ಮೊದಲು ಬೆಳಕಿನಿಂದ, ಅನಂತರ ಅಯಸ್ಕಾಂತದಿಂದ ಆಳವನ್ನು ಅಳೆಯಿತು. ಇಂಥ ಮಣೆಗಳಲ್ಲಿ ಅಕ್ಷರ ಮೂಡಬೇಕಾದ ಆಳವನ್ನು 0.1 ಮಿ.ಮೀ.ನಿಂದ 4 ಮಿ.ಮೀ.ವರೆಗೆ ನಾವೇ ಗೊತ್ತುಮಾಡಬಹುದು. ಇವುಗಳನ್ನು ಹೆಚ್ಚಾಗಿ ಕೊಳ್ಳುವವರು ಗಣಕದ ಆಟಗಾರರು. ಕೀಲಿಯನ್ನು ಒತ್ತಿದಷ್ಟು ಆಟದ ವಾಹನದ ವೇಗವೆಂಬುದು ಅವರಿಗೆ ಪ್ರಿಯ.

ಕನ್ನಡಕ್ಕೆ ಇದರಿಂದೇನು?

ನಾವು ಇಂದು ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದವರು ಮಂಗಳೂರು ಸಮೀಪದ ಕಿನ್ನಿಕಂಬಳದ ಶ್ರೀ ಕೆ. ಪಿ. ರಾವ್ ಅವರು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ ‘ಸೇಡಿಯಾಪು’ ಎಂದು ಹೆಸರಿಟ್ಟರೆಂಬುದು ನಮ್ಮ ಸೀಮೆಯವರಿಗೆ ಅಭಿಮಾನದ ವಿಷಯ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡದ ಎಲ್ಲ ಅಕ್ಷರಗಳನ್ನೂ ಅಳವಡಿಸಿದ್ದು ಅವರ ಹೆಚ್ಚಳ. ‘ಸವಣೂರು’ ಎಂದು ಬರೆಯಲು ಎಸ್, ವಿ, ಎನ್, ಯು, ಆರ್, ಯು ಎಂಬ ಆರು ಹೊಡೆತ ಸಾಕು. ಆದರೆ ‘ಣ’ಕಾರಕ್ಕೊಮ್ಮೆ, ದೀರ್ಘಕ್ಕೊಮ್ಮೆ ಶಿಫ್ಟ್ ಕೀಲಿಯನ್ನು ಹಿಡಿಯಬೇಕು. ಮಹಾಪ್ರಾಣಕ್ಕೂ ಹಾಗೆಯೇ. ಪುಟಗಟ್ಟಲೆ ಬರೆಯುವವರ ಕಿರುಬೆರಳಿಗೆ ಇದು ದಣಿವು.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಕೀಲಿಯನ್ನು ಅರ್ಧ ಒತ್ತಿದರೆ ‘ತ’, ಪೂರ್ತಿ ಒತ್ತಿದರೆ ‘ಥ’ ಬರುವಂತೆ ಮಾಡಬಾರದೇಕೆ? ಮೊದಲು ನನಗೂ ಇದು ಸೊಗಸಾದ ಉಪಾಯವೆನಿಸಿತು. ಯೋಚಿಸಿದಾಗ ಎರಡು ತೊಡಕುಗಳು ಕಾಣಿಸಿದವು. ಮೊದಲನೆಯದು, ಪೂರ್ತಿ ಇಳಿಯುವ ಬೆರಳು ಅರ್ಧವನ್ನು ದಾಟಿಯೇ ಹೋಗಬೇಕು. ಆದುದರಿಂದ ಬೆರಳು ಮೇಲಕ್ಕೆ ತಿರುಗುವ ತನಕ ಯಂತ್ರ ಯಾವ ಅಕ್ಷರವನ್ನೂ ನಿಶ್ಚಯಿಸುವಂತಿಲ್ಲ. ಎರಡನೆಯದು, ವೇಗವಾಗಿ ಬರೆಯುವಾಗ ಬೆರಳು ತಳವನ್ನೇ ಮುಟ್ಟುತ್ತದೆ. ‘ತಾಯಿ’ ಎಂಬುದು ‘ಥಾಯಿ’ ಆಗಿಬಿಡುತ್ತದೆ. ವೇಗದಲ್ಲಿ ಹೆಚ್ಚು ಕಡಿಮೆಯಿದೆ. ‘ತ’ ‘ಥ’ಗಳ ನಡುವೆ ಅಂಥದೇನೂ ಇಲ್ಲ. ಅಕ್ಷರ ‘ಹೌದು’, ‘ಇಲ್ಲ’ಗಳ ಲೋಕಕ್ಕೆ ಸೇರಿದುದು.

ಹಾಗಾದರೆ ಪ್ರಯೋಜನವೆಲ್ಲಿ? ಅಕ್ಷರದಲ್ಲಿಲ್ಲದ ಹೆಚ್ಚು ಕಡಿಮೆ ಬರೆಯುವವರ ಬೆರಳಿನಲ್ಲಿದೆ. ಹತ್ತಾರು ವರ್ಷ ಬೀಡಿ ಕಟ್ಟಿದ ಕೈ, ಅಡಿಕೆ ಸುಲಿದ ಕೈ, ಸಂಧಿವಾತದ ಕೈ, ಮಗುವಿನ ಕೈ ಇವೆಲ್ಲ ಒಂದೇ ಬಲದಿಂದ ಒತ್ತುವುದಿಲ್ಲ. ಗಡುಸಾದ ಬೆರಳು ಪಕ್ಕದ ಕೀಲಿಯನ್ನೂ ಸವರಿದರೆ, ಅಕ್ಷರ ಮೂಡುವ ಆಳವನ್ನು 3 ಮಿ.ಮೀ.ಗೆ ಇಳಿಸಿದರಾಯಿತು, ಬರಿಯ ತಗುಲಿಕೆ ಲೆಕ್ಕಕ್ಕೆ ಬರದು. ನೋವಿರುವ ಬೆರಳಿಗೆ ಅರ್ಧ ಮಿ.ಮೀ. ಸಾಕೆಂದು ಗೊತ್ತುಮಾಡಬಹುದು. ಮನುಷ್ಯನೇ ಯಂತ್ರಕ್ಕೆ ಹೊಂದಿಕೊಳ್ಳಬೇಕೆಂಬ ನಿಯಮ ಇಲ್ಲಿ ಸ್ವಲ್ಪ ಸಡಿಲವಾಗುತ್ತದೆ.

ಬಿಡಿ ಕೀಲಿಯ ಲಾಭ

ಈ ಕೀಲಿಗಳ ಇನ್ನೊಂದು ಗುಣ, ಅವನ್ನು ಬಿಡಿಬಿಡಿಯಾಗಿ ಕಿತ್ತು ಹಾಕಬಹುದೆಂಬುದು. ಹಾಲ್ ಕೀಲಿಯೊಳಗೆ ವಿದ್ಯುತ್ತಿನ ಭಾಗವೇ ಇಲ್ಲ. ಕಾಂಡ, ಸ್ಪ್ರಿಂಗು, ಅಯಸ್ಕಾಂತ ಇಷ್ಟೇ. ಕಿತ್ತು ಒರಸಿ ಮತ್ತೆ ಕೂರಿಸಬಹುದು, ಸ್ಪ್ರಿಂಗು ಸೋತರೆ ಬದಲಿಸಬಹುದು. ಆದರೆ ಮಿತಿಗಳೂ ಇವೆ. ಬೇರೆ ತಯಾರಕರ ಕೀಲಿಯ ಅಯಸ್ಕಾಂತ ನಮ್ಮ ಸಂವೇದಕಕ್ಕೆ ಹೊಂದದಿರಬಹುದು. ಕೀಲಿ ಬದಲಿಸಿದ ಮೇಲೆ ಅಳತೆಯನ್ನು ಹೊಸದಾಗಿ ಸರಿಪಡಿಸಬೇಕು. ಸಂವೇದಕವೇ ಕೆಟ್ಟರೆ ಬೆಸುಗೆ ಹಾಕಬಲ್ಲವರು ಬೇಕು. ಬೆಲೆಯಂತೂ ಸಾಧಾರಣ ಮಣೆಯ ಹಲವು ಪಟ್ಟು.

ಆದಕಾರಣ ಎಲ್ಲ ಕಾಲೇಜುಗಳೂ ಇದನ್ನೇ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ದುರಸ್ತಿಯೊಂದೇ ಉದ್ದೇಶವಾದರೆ, ಸ್ವಿಚ್ಚುಗಳನ್ನು ಕೀಳಬಹುದಾದ ಸಾಧಾರಣ ಯಾಂತ್ರಿಕ ಮಣೆ ಕಡಿಮೆ ಬೆಲೆಗೆ ಸಿಗುತ್ತದೆ. ಹತ್ತು ಬಿಡಿ ಸ್ವಿಚ್ಚುಗಳನ್ನು ಡಬ್ಬಿಯಲ್ಲಿಟ್ಟುಕೊಂಡರೆ ಹಲವು ಮಳೆಗಾಲ ಕಳೆಯಬಹುದು. ಬೆರಳಿನ ತೊಂದರೆಯಿರುವವರಿಗಾಗಿ ಪ್ರತಿ ಕೊಠಡಿಯಲ್ಲೂ ಒಂದಾದರೂ ಅನಲಾಗ್ ಮಣೆಯಿರಲಿ ಎಂಬುದಷ್ಟೇ ನನ್ನ ಸೂಚನೆ.

ಹಳ್ಳಿಯ ಹುಡುಗ ಹುಡುಗಿಯರು ಗಣಕದಲ್ಲಿ ಕನ್ನಡ ಬರೆಯಬೇಕೆಂದು ಎಲ್ಲರೂ ಹೇಳುತ್ತಾರೆ. ಅಕ್ಷರಗಳನ್ನು ಇಪ್ಪತ್ತಾರು ಕೀಲಿಗಳಲ್ಲಿ ಕೂರಿಸುವ ಕಷ್ಟದ ಕೆಲಸವನ್ನು ನಮ್ಮ ಜಿಲ್ಲೆಯ ಹಿರಿಯರೇ ಮಾಡಿಕೊಟ್ಟಿದ್ದಾರೆ. ಆ ಕೀಲಿಗಳು ಕೆಡದಂತೆ, ಕೆಟ್ಟರೆ ರಿಪೇರಿಯಾಗುವಂತೆ ನೋಡಿಕೊಳ್ಳುವ ಸುಲಭದ ಕೆಲಸ ನಮ್ಮ ಪಾಲಿಗೆ ಉಳಿದಿದೆ.